ದಂಡಬಡ್ಡಿ ಇಲ್ಲದ ಮನೆ ಸಾಲ: ನನ್ನ ಅನುಭವ

ಈ ಮಾರ್ಚ್ ಅಂತ್ಯದ ಲೆಕ್ಕದಲ್ಲಿ ನಮ್ಮ ಪತ್ತಿನ ಸಹಕಾರ ಸಂಘದ ಮನೆ ಸಾಲಗಳ ಸುಸ್ತಿ (ವಾಯಿದೆಗೆ ಬಾರದ ಬಾಕಿ) ನೂರಕ್ಕೆ ಮೂರರ ಆಸುಪಾಸಿಗೆ ಇಳಿದಿದೆ. ನಾನು ಕಾರ್ಯದರ್ಶಿಯಾಗಿ ಬಂದಾಗ ಅದು ಹದಿನೆಂಟರ ಹತ್ತಿರ ಇತ್ತು. ಕಂತು ತಪ್ಪಿದವರ ಮೇಲೆ ಹಾಕುವ ದಂಡಬಡ್ಡಿ ತೆಗೆದರೆ ಸಂಘಕ್ಕೆ ಬೀಗ ಬೀಳುತ್ತದೆ ಎಂದು ವಾದಿಸಿದ್ದ ನಿರ್ದೇಶಕರೊಬ್ಬರು ಈಗ ಪಕ್ಕದ ತಾಲ್ಲೂಕಿನವರಿಗೆ ನಮ್ಮ ಪದ್ಧತಿಯನ್ನು ತಾವೇ ವಿವರಿಸುತ್ತಿದ್ದಾರೆ, ಅದೂ ಅರ್ಧ ತಪ್ಪಾಗಿ. ಹಾಗಾಗಿ ಬರೆಯಲು ಕೂತಿದ್ದೇನೆ. ಪತ್ತಿನ ಸಂಘ ನಡೆಸುವವರಿಗೆ ಆಧಾರ (ಅಡಮಾನ) ಪತ್ರ, ಇ.ಸಿ. (ಋಣಭಾರ ಪತ್ರ), ಜಾಮೀನುಗಳ ಪಾಠ ಬೇಕಿಲ್ಲ.

ಮೊದಲು ಕೈ ಹಾಕಿದ್ದು ಫ್ಲಾಟ್ ಬಡ್ಡಿಗೆ, ಅಂದರೆ ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಮೊತ್ತದ ಮೇಲೇ ಹಾಕುವ ಬಡ್ಡಿಗೆ. ಹತ್ತು ಲಕ್ಷಕ್ಕೆ ಶೇಕಡಾ 12ರಂತೆ ಹತ್ತು ವರ್ಷ ಎಂದರೆ ಬಡ್ಡಿಯೇ 12 ಲಕ್ಷ, ತಿಂಗಳ ಕಂತು 18,333. ಅದೇ ಹನ್ನೆರಡನ್ನು ಇಳಿಯುವ ಬಾಕಿಯ ಮೇಲೆ ಹಾಕಿದರೆ ಕಂತು 14,350 ದಾಟುವುದಿಲ್ಲ. ಹನ್ನೆರಡು ಎಂದು ಬಾಯಲ್ಲಿ ಹೇಳಿ ಹದಿನೆಂಟಕ್ಕೂ ಮೇಲೆ ವಸೂಲು ಮಾಡುತ್ತಿದ್ದೆವು. ನಾನು ದರವನ್ನು 14 ಮಾಡಿ ಇಳಿಯುವ ಬಾಕಿಗೆ ತಂದೆ. ಕಂತು ಹದಿನೈದೂವರೆ ಸಾವಿರಕ್ಕೆ ಬಂತು. ಊರಲ್ಲಿ ಸುದ್ದಿಯಾದದ್ದು ಮಾತ್ರ "ಬಡ್ಡಿ ಏರಿಸಿದರು" ಎಂದು! ಬಸ್ ನಿಲ್ದಾಣದ ಎದುರಿನ ಇನ್ನೊಂದು ಸಂಘ "ಕೇವಲ 12" ಎಂದು ಫಲಕ ಹಾಕಿತು. ಆ ವರ್ಷ ಹೊಸ ಸಾಲ ಅರ್ಧಕ್ಕೆ ಕುಸಿಯಿತು, ಲಾಭದಲ್ಲಿ ಏಳೆಂಟು ಲಕ್ಷ ಖೋತಾ ಆಯಿತು, ಷೇರುದಾರರ ಲಾಭಾಂಶ ಹನ್ನೆರಡರಿಂದ ಏಳಕ್ಕೆ ಬಂತು. ಸರ್ವಸದಸ್ಯರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, 1905ರಲ್ಲಿ ನಮ್ಮ ಮಗ್ಗುಲಿನ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಬಡ್ಡಿಯ ಬಾಯಿಂದ ರೈತರನ್ನು ಬಿಡಿಸಲಿಕ್ಕೆ ಎಂದು ನೆನಪಿಸದೇ ಇದ್ದಿದ್ದರೆ ನನ್ನನ್ನು ಅಂದೇ ಮನೆಗೆ ಕಳಿಸುತ್ತಿದ್ದರೋ ಏನೋ.

ಫಲಕಕ್ಕೆ ಫಲಕ ಹಾಕಲಿಲ್ಲ. ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಬರೆಯುವ ಒಂದು ಹಾಳೆ ಮಾಡಿ, ಸಾಲ ಕೇಳಲು ಬಂದವರ ಕೈಗೇ ಪೆನ್ನು ಕೊಟ್ಟು ತುಂಬಿಸಿದೆ. ಖಾನಾವಳಿ ನಡೆಸುವ ಒಬ್ಬ ಅಕ್ಕ ಮೊದಲ ತಿಂಗಳ ಕಂತಿನಲ್ಲಿ ಅಸಲಿಗೆ ಎಷ್ಟು ಹೋಗುತ್ತದೆ ಎಂದು ಕೇಳಿ, ಬೆರಳೆಣಿಸಿ ನೋಡಿ, ಎದುರಿನ ಸಂಘದವರ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಅವರಿಂದಲೇ ಆ ಓಣಿಯ ಐದಾರು ಸಾಲಗಳು ಬಂದವು.

ಇನ್ನು ದಂಡಬಡ್ಡಿ. ಕಟ್ಟಿದ ಹಣ ಮೊದಲು ದಂಡಕ್ಕೆ, ಆಮೇಲೆ ಬಡ್ಡಿಗೆ, ಉಳಿದರೆ ಅಸಲಿಗೆ ಎಂಬುದು ಹಳೆಯ ಪದ್ಧತಿ. ಮೂರು ಕಂತು ತಪ್ಪಿದವರು ಎಷ್ಟು ಕಟ್ಟಿದರೂ ಅಸಲು ಜಗ್ಗುವುದಿಲ್ಲ. ಅದು ಗೊತ್ತಾದ ದಿನದಿಂದ ಅವರು ನಮ್ಮ ಬೀದಿಯಲ್ಲೇ ಓಡಾಡುವುದನ್ನು ಬಿಡುತ್ತಾರೆ. ನಾವು ದಂಡವನ್ನು ಪೂರ್ತಿ ತೆಗೆದು, ವರ್ಷವಿಡೀ ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ವಾಪಸು ಕೊಟ್ಟೆವು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಬ್ಯಾಂಕುಗಳಿಗೆ, ದಂಡವನ್ನು ಬಡ್ಡಿಯ ರೂಪದಲ್ಲಿ ಹೇರಬೇಡಿ, ಅದರ ಮೇಲೆ ಮತ್ತೆ ಬಡ್ಡಿ ಏರಿಸಬೇಡಿ ಎಂದು ಹೇಳಿತು. ನಮ್ಮಂಥ ಪತ್ತಿನ ಸಂಘಗಳಿಗೆ ಆ ಸುತ್ತೋಲೆ ತಾಗುವುದಿಲ್ಲ. ನಾವು ಅದಕ್ಕೂ ಮೊದಲೇ ಮಾಡಿದ್ದೆವು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಎರೆಭೂಮಿಯ ರೈತರಿಗೆ ತಿಂಗಳ ಕಂತು ಹಾಕುವುದು ಶುದ್ಧ ಅವಿವೇಕ. ಅವರ ಕೈಗೆ ದುಡ್ಡು ಬರುವುದು ಹೆಸರುಕಾಳು ಮಾರಿದಾಗ, ಮತ್ತೆ ಮೆಣಸಿನಕಾಯಿ, ಕಡಲೆ ಮಾರಿದಾಗ. ಸೆಪ್ಟೆಂಬರ್ ಕೊನೆಗೊಂದು, ಮಾರ್ಚ್‌ಗೊಂದು, ಎರಡೇ ಕಂತು ಇಟ್ಟೆವು. 2023ರ ಬರದಲ್ಲಿ ಹೆಸರು ಕೈಕೊಟ್ಟಾಗ ಸೆಪ್ಟೆಂಬರಿನ ಕಂತಿನಲ್ಲಿ ಬಡ್ಡಿ ಮಾತ್ರ ತೆಗೆದುಕೊಂಡು ಅಸಲನ್ನು ಅವಧಿಯ ಕೊನೆಗೆ ತಳ್ಳಿದೆವು. ಲೆಕ್ಕ ಪರಿಶೋಧಕರು ಮುಖ ಗಂಟಿಕ್ಕಿದರು. ಹಣ ಬಂತು.

ಆದರೆ ಸುಸ್ತಿ ಇಳಿದದ್ದಕ್ಕೆ ಮುಖ್ಯ ಕಾರಣ ಇದ್ಯಾವುದೂ ಅಲ್ಲ, ಒಬ್ಬ ನಿವೃತ್ತ ತಲಾಠಿ (ಗ್ರಾಮ ಲೆಕ್ಕಿಗ). ಲಾಭದಲ್ಲಿ ಊರ ಒಳಿತಿಗೆಂದು ತೆಗೆದಿಡುವ ಸಾಮಾನ್ಯ ಒಳಿತಿನ ನಿಧಿಯಿಂದ ಪ್ರತಿವರ್ಷ ಶಾಲಾ ಮಕ್ಕಳಿಗೆ ಚೀಲ ಹಂಚಿ ಫೋಟೋ ತೆಗೆಸಿಕೊಳ್ಳುವ ಪದ್ಧತಿ ಇತ್ತು. ಆ ಹಣದಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಕೊಟ್ಟು ಅವರನ್ನು ಕೂರಿಸಿದೆ. ಕೆಲಸ ಇಷ್ಟೇ: ಸದಸ್ಯರಿರಲಿ, ಇಲ್ಲದಿರಲಿ, ಮನೆಯ ಕಾಗದ ಹಿಡಿದು ಬಂದವರಿಗೆ ಅದನ್ನು ಸರಿಪಡಿಸುವ ದಾರಿ ತೋರಿಸುವುದು. "ಇದರಲ್ಲಿ ಫೋಟೋ ಎಲ್ಲಿ ಬರುತ್ತದೆ?" ಎಂದು ನಿರ್ದೇಶಕರೊಬ್ಬರು ಕೇಳಿಯೇ ಬಿಟ್ಟರು.

ನಮ್ಮ ಕಡೆ ಸಾಲ ಕೆಡುವುದು ಕಾಗದದಲ್ಲೇ. ಉತಾರ (ಆಸ್ತಿಯ ದಾಖಲೆ) ಸತ್ತುಹೋದ ಅಜ್ಜನ ಹೆಸರಿನಲ್ಲಿ, ವಾಸ ಮೊಮ್ಮಗನದು, ಪಂಚಾಯಿತಿಯ ಆಸ್ತಿ ನಮೂನೆಗಳಾದ 9 ಮತ್ತು 11ಎ ಆಗಿಯೇ ಇಲ್ಲ. ಅಂಥ ಒಬ್ಬರು ಆರು ಲಕ್ಷ ಕೇಳಿ ಬಂದಿದ್ದರು. ತಲಾಠಿಯವರು ವಂಶವೃಕ್ಷ ನೋಡಿ, "ನಿಮ್ಮ ಇಬ್ಬರು ಅಕ್ಕಂದಿರು ಎಲ್ಲಿ?" ಎಂದರು. "ಮದುವೆಯಾಗಿ ಹೋದರಲ್ಲ ಸರ್, ಅವರದೇನು?" ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕನ್ನು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿ ಕೊಟ್ಟಿದೆ, ಕೇಂದ್ರ 2005ರಲ್ಲಿ ಕೊಟ್ಟಿತು, ಆದರೂ ಈ ಮಾತನ್ನು ನಾವು ವಾರಕ್ಕೊಮ್ಮೆಯಾದರೂ ಕೇಳುತ್ತೇವೆ. ಅಕ್ಕಂದಿರನ್ನು ಕರೆಸಿದೆವು. ಒಬ್ಬರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು, ಇನ್ನೊಬ್ಬರು ತಮ್ಮ ಪಾಲು ಕೇಳಿದರು. ತಮ್ಮ ಸಿಟ್ಟಾಗಿ ಎದ್ದು ಹೋದ. ನಾಲ್ಕೈದು ತಿಂಗಳ ಮೇಲೆ ವಿಭಾಗ ಪತ್ರ ನೋಂದಣಿ ಮಾಡಿಸಿಕೊಂಡು ಬಂದ. ಸಾಲ ನಾಲ್ಕು ಲಕ್ಷಕ್ಕೆ ಇಳಿದಿತ್ತು, ಆದರೆ ಮೂರನೆಯವರು ತಕರಾರು ಎತ್ತಲಾಗದ ಸಾಲ ಅದು. ಒಂದು ಕಂತೂ ತಪ್ಪಿಲ್ಲ.

ಹೀಗೆ ಕಾಗದ ಸರಿಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕಡಿಮೆ ಬಡ್ಡಿಗೆ ಬ್ಯಾಂಕಿಗೆ ಹೋದರು. ಹೋಗಲಿ. ಉಳಿದ ಅರ್ಧವೇ ನಮ್ಮ ಬಂಡವಾಳಕ್ಕೆ ಸಾಕಾಗಿ ಹೆಚ್ಚಾಯಿತು.

ಹಣ ಬಿಡುಗಡೆಯಲ್ಲೂ ಒಂದು ಬದಲಾವಣೆ ಮಾಡಿದೆವು. ಎಲ್ಲರೂ ಪಾಯಕ್ಕೆ ದೊಡ್ಡ ಮೊತ್ತ ಕೊಡುತ್ತಾರೆ. ಜನ ಸಿಕ್ಕಿಬೀಳುವುದು ಸ್ಲ್ಯಾಬಿನಲ್ಲಿ. ಕಬ್ಬಿಣ, ಸಿಮೆಂಟು, ಸೆಂಟ್ರಿಂಗ್ ಕೂಲಿ ಒಟ್ಟಿಗೇ ಬಂದಾಗ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ, ಅಲ್ಲಿಗೆ ನಮ್ಮ ಕಂತೂ ಹೋಯಿತು. ನಾವು ಸುಮಾರು ಅರ್ಧ ಹಣವನ್ನು ಸ್ಲ್ಯಾಬಿಗೆಂದೇ ಹಿಡಿದಿಡುತ್ತೇವೆ. ಮಂಜೂರಾತಿಗೆ ಮುನ್ನ ಮನೆಗೆ ಹೋಗಿ ಮೂರು ಪ್ರಶ್ನೆ ಕೇಳುತ್ತೇನೆ. ಬೇರೆ ಎಲ್ಲೆಲ್ಲಿ ಸಾಲವಿದೆ, ಸ್ಲ್ಯಾಬಿನ ದಿನ ಕೈಯಲ್ಲಿ ಎಷ್ಟಿರುತ್ತದೆ ಎಂಬುವು ಎರಡು. ಮೂರನೆಯದನ್ನು ಇಲ್ಲಿ ಬರೆದರೆ ಮುಂದಿನ ವಾರವೇ ಉತ್ತರ ಕಲಿತು ಬರುತ್ತಾರೆ.

ಪಕ್ಕದ ಪ್ರಯೋಗಗಳೂ ಆದವು. ಅಂಗಡಿಕಾರರ ಕಂತನ್ನು ಪಿಗ್ಮಿಯಂತೆ ದಿನಾ ಮುನ್ನೂರು ನಾನೂರು ಕಟ್ಟಿಸಿಕೊಂಡದ್ದು ಚೆನ್ನಾಗಿ ನಡೆಯಿತು, ಆದರೆ ಏಜೆಂಟರ ಕಮಿಷನ್ ನಮ್ಮ ಲಾಭವನ್ನು ತಿಂದಿತು. ಈಗ ಅಂಥವು ಬೆರಳೆಣಿಕೆಯಷ್ಟಿವೆ. ಸಾಲಕ್ಕೆ ಜೀವವಿಮೆ ಜೋಡಿಸಿದ್ದು ಜನರಿಗೆ ಸೇರಲಿಲ್ಲ, "ನಮ್ಮ ಸಾವಿಗೂ ಲೆಕ್ಕ ಹಾಕಿದರು" ಎಂದರು. ಗುತ್ತಿಗೆದಾರರೊಬ್ಬರಿಗೆ ಕೊಟ್ಟ ಸಾಲ ಸಹಕಾರ ಸಂಘಗಳ ಕಾಯ್ದೆಯ ಕಲಂ 70ರ ದಾವೆಗೆ ಹೋಗಿ, ಮನೆ ಹರಾಜಾಗಿ, ಖರ್ಚು ಕಳೆದು ಮಿಕ್ಕ ಲಕ್ಷ ಚಿಲ್ಲರೆಯನ್ನು ಅವರಿಗೇ ಚೆಕ್ ಬರೆದು ಕೊಟ್ಟೆ. ಕೊಡಬೇಕಾದದ್ದೇ ಅದು, ಆದರೂ ಅವರು ಆ ಚೆಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

ಸಾಲ ತೀರಿದವರ ಮೂಲ ಕಾಗದಗಳನ್ನು ಅದೇ ದಿನ ಕೈಗೆ ಕೊಡುತ್ತೇವೆ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಮೂವತ್ತು ದಿನ ಕೊಟ್ಟಿದೆ, ತಡವಾದರೆ ದಿನಕ್ಕೆ ಐದು ಸಾವಿರ. ನಮ್ಮ ತಿಜೋರಿಯ ಎರಡು ಕೀಲಿ ಇಬ್ಬರ ಬಳಿ ಇರುವುದರಿಂದ, ಒಬ್ಬರು ರಜೆ ಹಾಕಿದ್ದರೆ ಮಾತ್ರ ಮರುದಿನವಾಗುತ್ತದೆ.