ಮಲೇರಿಯಾ ತಡೆ ಮಾತ್ರೆ: ಹೊರಡುವ ಮುನ್ನ, ನುಂಗುವಾಗ, ಮರಳಿದ ಮೇಲೆ

ಮಲೇರಿಯಾ ಹರಡಿರುವ ಊರಿಗೆ ಹೊರಟವರು ವೈದ್ಯರನ್ನು ನಾಲ್ಕರಿಂದ ಆರು ವಾರ ಮೊದಲೇ ಕಾಣಬೇಕು. ಒಂದು ಮಾತ್ರೆ ಒಗ್ಗದಿದ್ದರೆ ಬೇರೆಯದಕ್ಕೆ ಬದಲಾಯಿಸಲು ಆಗ ಸಮಯವಿರುತ್ತದೆ.

ಹಳೆಯ ಕಾಯಿಲೆ ಒಂದನ್ನೂ ಮುಚ್ಚಿಡಬೇಡಿ. ಖಿನ್ನತೆ, ತೀವ್ರ ಆತಂಕ, ಮೂರ್ಛೆರೋಗ ಎಂದೋ ಬಂದು ಹೋಗಿದ್ದರೂ ಮೆಫ್ಲೋಕ್ವಿನ್ ಎಂಬ ಮಲೇರಿಯಾ ತಡೆ ಮಾತ್ರೆ ಕೂಡದು. ವಾರಕ್ಕೊಂದೇ ಮಾತ್ರೆ ಎಂಬ ಅನುಕೂಲಕ್ಕೆ ಇದನ್ನು ಕೇಳಿ ಪಡೆಯುವವರಿದ್ದಾರೆ. ಆದರೆ ಕೆಟ್ಟ ಕನಸು, ನಿದ್ದೆಗೇಡು, ಗಾಬರಿ ಇದರ ಬೆನ್ನಿಗೇ ಬರಬಹುದು. ತಲೆಸುತ್ತು, ಕಿವಿಮೊರೆತ ಕೆಲವರಲ್ಲಿ ಮಾತ್ರೆ ಬಿಟ್ಟ ಮೇಲೂ ಉಳಿದಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇದಕ್ಕೆ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಅಂಟಿಸಿತು. ತೊಂದರೆ ಹೆಚ್ಚಾಗಿ ಮೊದಲ ಮೂರು ಡೋಸ್‌ಗಳಲ್ಲೇ ಕಾಣಿಸುತ್ತದೆ. ಹೊರಡುವ ಎರಡು-ಮೂರು ವಾರ ಮುಂಚೆ ಶುರುಮಾಡಿ ಎನ್ನುವುದು ಇದಕ್ಕೇ. ಮನಸ್ಸು ಕದಡಿದಂತಾದರೆ ಮುಂದಿನ ಮಾತ್ರೆ ನುಂಗದೆ ವೈದ್ಯರಿಗೆ ತಿಳಿಸಿ, ಬದಲಿ ಔಷಧ ಪಡೆಯಿರಿ.

ಡಾಕ್ಸಿಸೈಕ್ಲಿನ್ ದಿನಕ್ಕೆ 100 ಮಿ.ಗ್ರಾಂ. ಇದರಲ್ಲಿ ಎಡವಟ್ಟಾಗುವುದು ನುಂಗುವ ರೀತಿಯಲ್ಲಿ. ಒಂದು ಗುಟುಕು ನೀರು ಕುಡಿದು ಹಾಗೇ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳಕ್ಕೆ ಅಂಟಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡುತ್ತದೆ. ಆಮೇಲೆ ಉಗುಳು ನುಂಗಿದರೂ ಎದೆಯ ನಡುವೆ ಉರಿ. ಊಟದ ಜೊತೆ, ತುಂಬಿದ ಲೋಟ ನೀರಿನಲ್ಲಿ ನುಂಗಿ, ಒಂದು ಗಂಟೆ ಬೆನ್ನು ನೆಟ್ಟಗಿರಲಿ. ಆಂಟಾಸಿಡ್, ಕಬ್ಬಿಣದ ಮಾತ್ರೆ ಜೊತೆಗೆ ಬೇಡ; ಔಷಧ ಮೈಗೆ ಹತ್ತುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುವುದರಿಂದ ತುಂಬುತೋಳಿನ ಬಟ್ಟೆ, ಸನ್‌ಸ್ಕ್ರೀನ್ ಬೇಕೇ ಬೇಕು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದನ್ನು ಕೊಡುವುದಿಲ್ಲ.

ಅಟೊವಾಕ್ವೋನ್-ಪ್ರೊಗ್ವಾನಿಲ್ ಹೆಚ್ಚಿನವರಿಗೆ ಒಗ್ಗುತ್ತದೆ. ಹೊಟ್ಟೆನೋವು, ವಾಕರಿಕೆ ಬರಬಹುದು. ಕೊಬ್ಬಿನಂಶವಿರುವ ಊಟ ಅಥವಾ ಹಾಲಿನ ಜೊತೆ ತೆಗೆದುಕೊಳ್ಳಿ. ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಡೋಸ್. ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೆ ಇದು ಬೇಡ.

ಪ್ರೈಮಾಕ್ವಿನ್, ಟಫೆನೋಕ್ವಿನ್ ಬರೆದುಕೊಟ್ಟರೆ ಜಿ6ಪಿಡಿ ಎಂಬ ಕಿಣ್ವದ ರಕ್ತಪರೀಕ್ಷೆ ಆಗದೆ ಒಂದು ಮಾತ್ರೆಯನ್ನೂ ಮುಟ್ಟಬೇಡಿ. ಆ ಕಿಣ್ವದ ಕೊರತೆಯಿದ್ದವರಲ್ಲಿ ಕೆಂಪು ರಕ್ತಕಣಗಳು ಒಡೆದು ಜೀವಕ್ಕೇ ಕುತ್ತು ಬರಬಹುದು.

ಮನೆಗೆ ಮರಳಿದೊಡನೆ ಮಾತ್ರೆ ಬಿಡುವುದು ದೊಡ್ಡ ತಪ್ಪು. ಕೊನೆಯ ದಿನ ಸೊಳ್ಳೆ ಕಚ್ಚಿದ್ದರೂ ರೋಗಾಣು ಯಕೃತ್ತಿನಲ್ಲಿ ಬೆಳೆಯುತ್ತಿರುತ್ತದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಇನ್ನೂ 7 ದಿನ, ಡಾಕ್ಸಿಸೈಕ್ಲಿನ್ ಮತ್ತು ಮೆಫ್ಲೋಕ್ವಿನ್ ನಾಲ್ಕು ವಾರ ಮುಂದುವರಿಸಿ. ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಒಂದು ವರ್ಷದೊಳಗೆ ಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಿದ್ದಿರಿ, ಯಾವ ಮಾತ್ರೆ ನುಂಗಿದ್ದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.