ಮರದ ಮೊಳೆ ಫಾಂಟ್ ಆದ ಕಥೆ

ಮುಂಬೈಯ ಮಾಟುಂಗಾದಲ್ಲಿ ಹಳೇ ಕನ್ನಡ ಪ್ರೆಸ್ ಒಂದು ಮುಚ್ಚುವಾಗ, ನಾಟಕ, ಯಕ್ಷಗಾನದ ಪೋಸ್ಟರಿಗೆ ಬಳಸುತ್ತಿದ್ದ ಮರದ ಮೊಳೆಗಳು, ಅಂದರೆ ಅಕ್ಷರ ಕೆತ್ತಿದ ಅಚ್ಚಿನ ತುಂಡುಗಳು, ನನ್ನ ಪಾಲಿಗೆ ಬಂದವು. ಒಟ್ಟು 183. ಅಕ್ಕಿ ಚೀಲದಲ್ಲಿ ತುಂಬಿ, ಸ್ಲೋ ಲೋಕಲ್ ಹತ್ತಿ ಡೊಂಬಿವ್ಲಿಗೆ ತಂದೆ.

ಅವತ್ತೇ ಎಡವಟ್ಟು ಮಾಡಿದೆ. ಮಸಿ ಹೋಗಲಿ ಅಂತ ನಾಲ್ಕು ಮೊಳೆಗಳನ್ನು ಸೋಪು ನೀರಲ್ಲಿ ತೊಳೆದೆ. ಜುಲೈ ಮಳೆ ಬೇರೆ. ಎರಡೇ ದಿನಕ್ಕೆ ಸೊಟ್ಟಗಾದವು. ಪ್ರೆಸ್ಸಿನಲ್ಲಿ ಕಂಪೋಸಿಂಗ್ (ಮೊಳೆ ಜೋಡಿಸುವ ಕೆಲಸ) ಮಾಡುತ್ತಿದ್ದ ಮಾಮನಿಗೆ ಫೋನ್ ಮಾಡಿದೆ. "ಮರಕ್ಕೆ ನೀರು ಹಾಕ್ತಾರಾ ಮಾರಾಯ? ಸೀಮೆಎಣ್ಣೆ, ಹಳೇ ಬಟ್ಟೆ, ಅಷ್ಟೇ" ಎಂದರು.

ಆಮೇಲೆ ರೋಲರಿನಿಂದ ತೆಳುವಾಗಿ ಮಸಿ ಹಚ್ಚಿ, ನಯವಾದ ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆದೆ. ಅಲುಗಾಡುವ ಮೊಳೆಯ ಅಡಿಗೆ ಕಾಗದದ ಚೂರು. ಅಚ್ಚುಗಳನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪಿನ ಆಟೋ ಟ್ರೇಸ್ (ಅಂಚನ್ನು ತಾನೇ ಗೆರೆಯಾಗಿಸುವ ಸೌಲಭ್ಯ) ಒಂದೊಂದು ಅಕ್ಷರಕ್ಕೂ ನೂರಾರು ಬಿಂದು ಸುರಿಯಿತು. ಅದನ್ನು ಬಿಟ್ಟು ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಒಂದೊಂದನ್ನೂ ಕೈಯಾರೆ ಬರೆದೆ.

ಮರದ ಗಾಯಗಳನ್ನು ಹಾಗೇ ಉಳಿಸುವ ಆಸೆ ಇತ್ತು. 'ಕನಕ' ಅಂತ ಟೈಪ್ ಮಾಡಿ ನೋಡಿದೆ. ಎರಡೂ ಕ-ಗಳ ತಲೆಕಟ್ಟಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ಸೀಳು! ಪೋಸ್ಟರಿನಲ್ಲಿ ಅವು ಎರಡು ಬೇರೆ ಮೊಳೆಗಳು, ಸವೆತವೂ ಬೇರೆ ಅಲ್ವಾ. ಹಾಗಾಗಿ ಗಾಯಗಳನ್ನೆಲ್ಲ ಅಳಿಸಿದೆ. ಮೊಂಡಾದ ಮೂಲೆಗಳನ್ನು ಮಾತ್ರ ಬಿಟ್ಟೆ.

ಜಾಸ್ತಿ ದಿನ ತಿಂದದ್ದು ಒತ್ತಕ್ಷರ. ಮರದಲ್ಲಿ ಒತ್ತು ಬೇರೆಯೇ ತುಂಡು. ಪೋಸ್ಟರಿನಲ್ಲಿ ಜಾಗ ಸಾಲದಿದ್ದರೆ ಕೆಳಗಿನ ಸಾಲನ್ನೇ ತಳ್ಳಿದರಾಯಿತು. ಫಾಂಟಿನಲ್ಲಿ ಆ ಜಾಗವನ್ನು ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ 'ಷ್ಟ್ರ'ದ ಬಾಲ ಕತ್ತರಿಸಿ ಹೋಗುತ್ತದೆ. ಅರ್ಕಾವೊತ್ತಿನದು ಇನ್ನೊಂದು ತಮಾಷೆ. ಕಂಪೋಸಿಟರ್ ಅದನ್ನು ಅಕ್ಷರದ ಬಲಪಕ್ಕ ಇಡುತ್ತಾನೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ, 'ಮಾರ್ಗ' ಅಂದರೆ 'ರ್' ಮೊದಲು, ಗ ಆಮೇಲೆ. ಅದಕ್ಕೊಂದು ಓಪನ್‌ಟೈಪ್ ನಿಯಮ (ಅಕ್ಷರ ಹೇಗೆ ಜೋಡಿಸಬೇಕು ಅಂತ ಫಾಂಟಿಗೆ ಹೇಳುವ ಸೂಚನೆ) ಬರೆದ ಮೇಲೇ ಅದು ಸರಿಯಾಗಿ ಕಂಡದ್ದು.

ಙ, ಝ, ಞ ಸೆಟ್ಟಿನಲ್ಲೇ ಇರಲಿಲ್ಲ. ನಾಟಕದ ಪೋಸ್ಟರಿಗೆ ಅವು ಯಾಕೆ ಬೇಕು? ರ ಮತ್ತು ಯ-ದ ತುಂಡುಗಳನ್ನು ಸೇರಿಸಿ ಝ ಕಟ್ಟಿದೆ.

ಮೊನ್ನೆ ಪ್ರಿಂಟ್ ತೆಗೆದು ಮಾಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ವ-ದ ಮೇಲೆ ಬೆರಳಿಟ್ಟರು. "ಇದು ನಮ್ಮ ಸೆಟ್ಟಿನದ್ದಲ್ಲ. ನಮ್ಮ ವ ಕಳೆದುಹೋಗಿ, ಬೇರೆ ಪ್ರೆಸ್ಸಿನಿಂದ ತಂದು ಹಾಕಿದ್ದು."

ಈಗ ಪ-ವನ್ನು ನೋಡಿಕೊಂಡು ವ ಮತ್ತೆ ಬರೆಯುತ್ತಿದ್ದೇನೆ.