ಎಝೆಡ್ ಲೈಸೆನ್ಸ್ ಬಂತು, ಕೆಲಸ ಮಾತ್ರ ಬರಲಿಲ್ಲ: ಒಂಟಾರಿಯೋದಲ್ಲಿ ಮೊದಲ ಟ್ರಕ್ ಕೆಲಸ

ರೋಡ್ ಟೆಸ್ಟ್ ಪಾಸಾಗಿ ಎಝೆಡ್ ಲೈಸೆನ್ಸ್ (ಟ್ರೇಲರ್ ಎಳೆಯುವ ದೊಡ್ಡ ಟ್ರಕ್ ಓಡಿಸುವ ಲೈಸೆನ್ಸ್) ಕೈಗೆ ಬಂದ ದಿನ ಎಲ್ಲರೂ ಅಂದುಕೊಳ್ಳುವುದು ಒಂದೇ. ಕೆನಡಾದಲ್ಲಿ ಡ್ರೈವರ್‌ಗಳೇ ಸಿಗುತ್ತಿಲ್ಲ ಅಂತಾರೆ, ಇನ್ನು ನನಗೆ ಕೆಲಸಕ್ಕೇನು ಬರ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಬ್ರಾಂಪ್ಟನ್, ಮಿಸ್ಸಿಸಾಗಾ, ಮಿಲ್ಟನ್ ಅಂತ ಒಂದೊಂದೇ ಟ್ರಕ್ ಕಂಪನಿಯ ಯಾರ್ಡ್ ಸುತ್ತಿದೆ. ಒಂದು ಕಡೆ ಫಾರಂ ತುಂಬಿ ಕೊಟ್ಟೆ. ಕೌಂಟರ್‌ನಲ್ಲಿದ್ದ ಹುಡುಗಿ ಲೈಸೆನ್ಸ್ ಬಂದು ಎಷ್ಟು ದಿನ ಆಯ್ತು ಅಂತ ಕೇಳಿದಳು. ಮೂರು ವಾರ ಅಂದೆ. ಫಾರಂ ಓದಲೂ ಇಲ್ಲ, ಮೆಲ್ಲಗೆ ನನ್ನ ಕಡೆಗೇ ಸರಿಸಿದಳು. ಎರಡು ವರ್ಷ ಅನುಭವ ಆದ ಮೇಲೆ ಬನ್ನಿ ಅಂದಳು. ಯಾರೂ ಕೆಲಸ ಕೊಡದಿದ್ದರೆ ಆ ಎರಡು ವರ್ಷ ಎಲ್ಲಿಂದ ತರಲಿ?

ನನ್ನನ್ನು ಬೇಡ ಅಂದದ್ದು ಇನ್ಶೂರೆನ್ಸ್ ಅಂತ ಗೊತ್ತಾಗಿದ್ದು ಆಮೇಲೆ. ಕಂಪನಿ ಹೊಸ ಡ್ರೈವರ್‌ನನ್ನು ಸೇರಿಸಿಕೊಳ್ಳುವ ಮೊದಲು ಅವನ ದಾಖಲೆ ಸಾಮಾನ್ಯವಾಗಿ ಇನ್ಶೂರೆನ್ಸ್‌ನವರ ಮುಂದೆ ಹೋಗುತ್ತದೆ. ಅವರು ಒಪ್ಪದಿದ್ದರೆ, ಮಾಲೀಕನಿಗೆ ನೀವು ಎಷ್ಟೇ ಹಿಡಿಸಿದರೂ ಟ್ರಕ್ಕಿನ ಕೀ ಕೊಡಲಾಗದು. ಹತ್ತು ಟ್ರಕ್ ಇಟ್ಟುಕೊಂಡ ಸಣ್ಣ ಕಂಪನಿಗೆ ಒಂದು ದೊಡ್ಡ ಅಪಘಾತ ಆದರೂ ಪ್ರೀಮಿಯಂ ಮೇಲೇರುತ್ತದೆ. ಅದಕ್ಕೇ ಅವರಲ್ಲಿ ಹೆಚ್ಚಿನವರು ಎರಡು, ಮೂರು ವರ್ಷ ಅನುಭವ ಕೇಳುವುದು. ಇದು ತಿಳಿಯದೆ ಒಂದು ತಿಂಗಳು ಅಂಥ ಸಣ್ಣ ಕಂಪನಿಗಳಿಗೇ ಸುಮ್ನೆ ಅರ್ಜಿ ಹಾಕುತ್ತಾ ಕೂತಿದ್ದೆ.

ಹಾಗಾಗಿ ಬೇಡ ಅಂದಾಗ ಬೇಜಾರು ಮಾಡಿಕೊಂಡು ಬಂದುಬಿಡಬೇಡಿ. ಅಲ್ಲೇ ನಿಂತು ಕೇಳಿ. ನಿಮ್ಮ ಇನ್ಶೂರೆನ್ಸ್ ಹೊಸಬರನ್ನು ಒಪ್ಪುತ್ತಾ? ಎಷ್ಟು ತಿಂಗಳ ಅನುಭವ ಇದ್ದರೆ ಸಾಕು? ನನ್ನ ಅಬ್‌ಸ್ಟ್ರಾಕ್ಟ್‌ನಲ್ಲಿ (ಡ್ರೈವಿಂಗ್ ದಾಖಲೆಯಲ್ಲಿ) ಏನಾದರೂ ತೊಂದರೆ ಇದೆಯಾ? ಒಂದು ಕಡೆ ನನಗೆ ಸಿಕ್ಕ ಉತ್ತರ ಬೇರೆಯೇ ಆಗಿತ್ತು. ಅವರ ಲೋಡ್ ಎಲ್ಲಾ ಅಮೆರಿಕಕ್ಕೆ ಹೋಗುವಂಥದ್ದು. ಭಾರತದ ಪಾಸ್‌ಪೋರ್ಟ್ ಇದ್ದರೆ, ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿದ್ದರೂ ಅಮೆರಿಕ ವೀಸಾ ಬೇಕೇ ಬೇಕು. ನನ್ನ ಹತ್ತಿರ ಇರಲಿಲ್ಲ. ಅದು ಮೊದಲೇ ಗೊತ್ತಿದ್ದರೆ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಅಬ್‌ಸ್ಟ್ರಾಕ್ಟ್ ಅಂದರೆ ನಿಮ್ಮ ಡ್ರೈವಿಂಗ್ ಜಾತಕ. ಮೂರು ವರ್ಷದ್ದು ಸರ್ಕಾರಿ ಸೇವಾ ಕೇಂದ್ರ ಸರ್ವಿಸ್ ಒಂಟಾರಿಯೋದಲ್ಲಿ 12 ಡಾಲರ್‌ಗೆ ಸಿಗುತ್ತದೆ. ಕಂಪನಿಯವರು ನೋಡುವ ಮೊದಲು ನೀವೇ ತೆಗೆಸಿ ನೋಡಿ. ಕಾರಿನಲ್ಲಿ ಹೋಗುವಾಗ ಬಿದ್ದ ಸ್ಪೀಡಿಂಗ್ ಟಿಕೆಟ್ ಕೂಡ ಅದರಲ್ಲಿ ಇರುತ್ತದೆ. ಹೊಸದಾಗಿ ಬಂದವರ ಅಬ್‌ಸ್ಟ್ರಾಕ್ಟ್‌ನಲ್ಲಿ ಏನೂ ಇರುವುದಿಲ್ಲ. ಅದು ಒಳ್ಳೆಯದೇ ಅಲ್ವಾ ಅನಿಸಬಹುದು. ಆದರೆ ಇನ್ಶೂರೆನ್ಸ್‌ನವರು ಅದನ್ನು "ಈತ ಯಾರೋ ಗೊತ್ತಿಲ್ಲ" ಅಂತ ಓದುತ್ತಾರೆ. ಊರಿನಲ್ಲಿ ಲಾರಿ ಓಡಿಸಿದವರು ಹಳೇ ಮಾಲೀಕರಿಂದ ಪತ್ರ ತರಿಸಿಕೊಳ್ಳಿ. ಹೆಚ್ಚಿನ ಕಡೆ ಅದನ್ನು ಅನುಭವ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ, ಆದರೂ ಇಂಟರ್‌ವ್ಯೂನಲ್ಲಿ ಮಾತು ಶುರುವಾಗಲು ಅನುಕೂಲ. ಇಲ್ಲದ ಅನುಭವವನ್ನು ಮಾತ್ರ ಬರೆಯಬೇಡಿ, ಒಂದೇ ಫೋನ್ ಕಾಲ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನು ಟ್ರೇನಿಂಗ್. ಒಂಟಾರಿಯೋದಲ್ಲಿ 2017ರ ಜುಲೈ 1ರಿಂದ ಮೆಲ್ಟ್ ಅನ್ನುವ ಕಡ್ಡಾಯ ತರಬೇತಿ ಇದೆ. ಕನಿಷ್ಠ 103.5 ಗಂಟೆ. ಇದು ರೋಡ್ ಟೆಸ್ಟ್‌ಗೆ ಕೂರಲು ಬೇಕಾದಷ್ಟು ಮಾತ್ರ, ಕೆಲಸ ಮಾಡಲು ಬೇಕಾದಷ್ಟು ಅಲ್ಲ. ದೊಡ್ಡ ಕಂಪನಿಗಳಿಗೂ ಇದು ಗೊತ್ತು. ಅದಕ್ಕೇ ಕೆಲವು ಕಡೆ ಹೊಸಬರನ್ನು ತೆಗೆದುಕೊಂಡು, ಕೆಲವು ವಾರ ಅವರದೇ ಟ್ರೇನರ್ ಪಕ್ಕದಲ್ಲಿ ಕೂರಿಸಿ ಓಡಿಸುತ್ತಾರೆ. ಇದಕ್ಕೆ ಫಿನಿಶಿಂಗ್ ಪ್ರೋಗ್ರಾಂ ಅನ್ನುತ್ತಾರೆ. ಹೊಸಬರು ಮೊದಲು ಹುಡುಕಬೇಕಾದ್ದು ಇದನ್ನೇ. ಟ್ರಕಿಂಗ್ ಎಚ್‌ಆರ್ ಕೆನಡಾ ಅನ್ನುವ ಸಂಸ್ಥೆ ಪ್ರತಿ ವರ್ಷ ಟಾಪ್ ಫ್ಲೀಟ್ ಎಂಪ್ಲಾಯರ್ಸ್ ಅಂತ ಒಂದು ಪಟ್ಟಿ ಬಿಡುತ್ತದೆ. ಅದನ್ನು ಮುಂದಿಟ್ಟುಕೊಂಡು ಒಂದೊಂದಕ್ಕೇ ಫೋನ್ ಮಾಡಿ, ಹೊಸಬರಿಗೆ ಫಿನಿಶಿಂಗ್ ಇದೆಯಾ ಅಂತ ಕೇಳಿ.

ಅಲ್ಲೂ ಆಗಲಿಲ್ಲವಾ? ಹದಿನೆಂಟು ಚಕ್ರದ ಗಾಡಿಯೇ ಬೇಕು ಅನ್ನುವ ಹಟ ಸ್ವಲ್ಪ ದಿನ ಬಿಡಿ. ಎಝೆಡ್ ಇದ್ದವರು ಡಿಝೆಡ್ ಗಾಡಿಯನ್ನೂ ಓಡಿಸಬಹುದು. ಅಂದರೆ ಸಿಟಿ ಒಳಗೆ ಓಡುವ, ಬೇರೆ ಟ್ರೇಲರ್ ಇಲ್ಲದ ಸ್ಟ್ರೈಟ್ ಟ್ರಕ್, ಕಸದ ಗಾಡಿ, ಚಳಿಗಾಲದಲ್ಲಿ ಹಿಮ ತೆಗೆಯುವ ಗಾಡಿ. ಇನ್ನೊಂದು ಶಂಟ್ ಡ್ರೈವರ್ ಕೆಲಸ. ಯಾರ್ಡ್ ಒಳಗೇ ಟ್ರೇಲರ್‌ಗಳನ್ನು ಡಾಕ್‌ಗೆ (ಸರಕು ಹತ್ತಿಸಿ ಇಳಿಸುವ ಕಟ್ಟೆಗೆ) ಹಚ್ಚುವುದು, ತೆಗೆಯುವುದು, ಇಡೀ ದಿನ ಅಷ್ಟೇ. ಬೇಜಾರಿನ ಕೆಲಸ, ಸಂಬಳವೂ ಕಡಿಮೆ. ಆದರೆ ಸ್ಕೂಲಿನಲ್ಲಿ ಕೋರ್ಸ್ ಮುಗಿಯುವಷ್ಟರಲ್ಲಿ ನೀವು ಹಾಕಿದ ರಿವರ್ಸ್‌ಗಿಂತ ಜಾಸ್ತಿ ಇಲ್ಲಿ ಒಂದು ವಾರದಲ್ಲಿ ಹಾಕಿರುತ್ತೀರಿ. ನಾನು ಶುರು ಮಾಡಿದ್ದು ಹೀಗೇ.

ಕೆಲಸ ಕೊಡುವ ಮೊದಲು ಕಂಪನಿಯವರೇ ಮಾಡುವ ರೋಡ್ ಟೆಸ್ಟ್ ಬಗ್ಗೆ ಒಂದು ಮಾತು. ಎಷ್ಟೋ ಜನ ಫೇಲ್ ಆಗುವುದು ರೋಡಿನಲ್ಲಲ್ಲ, ಯಾರ್ಡ್‌ನಲ್ಲೇ. ನನ್ನ ಎರಡನೇ ಟೆಸ್ಟ್‌ನಲ್ಲಿ ಟ್ರೇಲರ್ ಕಪ್ಲಿಂಗ್ ಮಾಡಿದೆ, ಅಂದರೆ ಟ್ರಕ್ಕಿಗೆ ಟ್ರೇಲರ್ ಜೋಡಿಸಿದೆ. ಟ್ರೇಲರ್ ಕೆಳಗಿನ ಕಿಂಗ್‌ಪಿನ್, ಟ್ರಕ್ ಹಿಂಭಾಗದ ಫಿಫ್ತ್ ವೀಲ್ ಅನ್ನುವ ಜೋಡಣೆ ತಟ್ಟೆಯ ಒಳಗೆ ಟಕ್ ಅಂತ ಕೂತ ಸದ್ದು ಕೇಳಿಸಿತು. ಸರಿಯಾಯ್ತು ಅಂತ ಬ್ರೇಕಿನ ಏರ್ ಲೈನ್ ಹಾಕಿ ಹೊರಟೇಬಿಟ್ಟೆ. ಪಕ್ಕದಲ್ಲಿದ್ದ ಪರೀಕ್ಷಕರು ಏನೂ ಹೇಳಲಿಲ್ಲ, ಪೆನ್ನು ತೆಗೆದು ಏನೋ ಬರೆದರು. ಅಲ್ಲಿಗೆ ಮುಗಿಯಿತು. ಮೊದಲು ಮುಂದಕ್ಕೆ ಒಮ್ಮೆ ಎಳೆದು ಟಗ್ ಟೆಸ್ಟ್ ಮಾಡಬೇಕಿತ್ತು. ಆಮೇಲೆ ಕೆಳಗಿಳಿದು, ಟಾರ್ಚ್ ಹಿಡಿದು ಬಗ್ಗಿ, ಲಾಕ್‌ನ ದವಡೆ ಪಿನ್ ಸುತ್ತ ಕಚ್ಚಿಕೊಂಡಿದೆಯಾ ಅಂತ ಕಣ್ಣಿಂದ ನೋಡಬೇಕಿತ್ತು. ರಿವರ್ಸ್‌ನಲ್ಲೂ ಅಷ್ಟೇ. ಅನುಮಾನ ಬಂದರೆ ಗಾಡಿ ನಿಲ್ಲಿಸಿ, ಇಳಿದು ಹಿಂದೆ ಹೋಗಿ ನೋಡಿ ಬನ್ನಿ. ನಾಲ್ಕು ಸಲ ಇಳಿದರೂ ಯಾರೂ ನಗಲ್ಲ, ಡಾಕ್‌ಗೆ ಗುದ್ದಿದರೆ ಮಾತ್ರ ಮನೆಗೆ ಕಳಿಸುತ್ತಾರೆ.

ಎಷ್ಟೋ ಕಡೆ ಬೇಡ ಅನಿಸಿಕೊಂಡು ಸುಸ್ತಾದ ಹೊತ್ತಿಗೆ ಒಬ್ಬರು ತಟ್ಟನೆ ಕೆಲಸ ಕೊಡುತ್ತೇನೆ ಅನ್ನುತ್ತಾರೆ. ಒಂದು ಷರತ್ತು: ನಿಮ್ಮ ಹೆಸರಲ್ಲಿ ಒಂದು ಕಂಪನಿ ಮಾಡಿಸಿಕೊಂಡು ಬನ್ನಿ, ಪೂರ್ತಿ ದುಡ್ಡು ಅದಕ್ಕೇ ಹಾಕುತ್ತೇವೆ, ಯಾವ ಕಟ್ ಇಲ್ಲ. ಇಲ್ಲಿ ಇದರ ಹೆಸರು ಡ್ರೈವರ್ ಇಂಕ್. ಟ್ರಕ್ ಅವರದು, ಲೋಡ್ ಅವರದು, ಟೈಮ್ ಅವರು ಹೇಳಿದ್ದು, ಆದರೂ ಲೆಕ್ಕಕ್ಕೆ ನೀವು ಸ್ವಂತ ಬಿಸಿನೆಸ್ ಮಾಡುವವರು! ಕೈಗೆ ಜಾಸ್ತಿ ಬಂದಂತೆ ಕಾಣುತ್ತದೆ. ಆದರೆ ಕಂಪನಿ ನಿಮ್ಮ ಪರವಾಗಿ ಸಿಪಿಪಿ (ಪಿಂಚಣಿ), ಇಐ (ನಿರುದ್ಯೋಗ ವಿಮೆ) ಕಟ್ಟಲ್ಲ, ರಜೆಯ ಸಂಬಳ ಇಲ್ಲ. ಕೆನಡಾದ ತೆರಿಗೆ ಇಲಾಖೆ ಸಿಆರ್‌ಎ ಇದನ್ನು ಪರ್ಸನಲ್ ಸರ್ವಿಸಸ್ ಬಿಸಿನೆಸ್ (ಕಂಪನಿ ಹೆಸರಲ್ಲಿ ಮಾಡುವ ನೌಕರಿ) ಅಂತ ತೀರ್ಮಾನಿಸಿದರೆ ಸಣ್ಣ ಬಿಸಿನೆಸ್‌ನ ಟ್ಯಾಕ್ಸ್ ರಿಯಾಯಿತಿಯೂ ಹೋಗುತ್ತದೆ. ಪ್ರಾಂತ್ಯದಾಚೆ ಲೋಡ್ ಓಡಿಸುವ ಕಂಪನಿಗಳು ಫೆಡರಲ್ ಕಾರ್ಮಿಕ ಕಾನೂನಿನ ಕೆಳಗೆ ಬರುತ್ತವೆ. ನೌಕರನನ್ನು ನೌಕರನಲ್ಲ ಅಂತ ತೋರಿಸುವುದನ್ನು ಆ ಕಾನೂನು 2021ರ ಜನವರಿ 1ರಿಂದ ನಿಷೇಧಿಸಿದೆ. ಸಂಬಳ ಕೊಡದೆ ಸತಾಯಿಸಿದರೆ ಫೆಡರಲ್ ಲೇಬರ್ ಪ್ರೋಗ್ರಾಂಗೆ ದೂರು ಕೊಡಬಹುದು, ಆದರೆ ಸಂಬಳ ಬರಬೇಕಿದ್ದ ದಿನದಿಂದ ಆರು ತಿಂಗಳೊಳಗೆ. ಕೆಲಸ ಕೊಡಲು ನಿಮ್ಮಿಂದಲೇ ದುಡ್ಡು ಕೇಳುವವರ ಹತ್ತಿರ ಅಂತೂ ಮಾತೇ ಬೇಡ.

ಮೊದಲ ಕೆಲಸ ಸಿಕ್ಕಿದ ಮೇಲೆ ಪೇ ಸ್ಲಿಪ್ ಎಲ್ಲಾ ಇಟ್ಟುಕೊಳ್ಳಿ. ಒಂದು ವರ್ಷ ಆಗುತ್ತಿದ್ದಂತೆ ಅನುಭವದ ಪತ್ರ ಬರೆಸಿಕೊಳ್ಳಿ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ತರಹದ ಗಾಡಿ, ಎಲ್ಲೆಲ್ಲಿ ಓಡಿಸಿದಿರಿ, ಅಪಘಾತ ಆಗಿತ್ತಾ ಇಲ್ಲವಾ, ಇಷ್ಟು ಇರಬೇಕು. ಮುಂದಿನ ಕಂಪನಿಯ ಇನ್ಶೂರೆನ್ಸ್‌ನವರು ಕೇಳುವುದು ಇದನ್ನೇ. ಕೆಲಸ ಬಿಡುವ ಮೊದಲೇ ಕೇಳಿ, ಬಿಟ್ಟ ಮೇಲೆ ಲೋಡ್ ಹಂಚುವ ಡಿಸ್ಪ್ಯಾಚರ್ ನಿಮ್ಮ ಫೋನ್ ಎತ್ತಲ್ಲ.